ಉಪ್ಪಿಯನ್ನು ಎಲ್ಲಿ ಕತ್ತರಿಸಬೇಕು?

ಒಬ್ಬರು ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಟಾಕೀಸುಗಳಲ್ಲಿ ಪ್ರೊಜೆಕ್ಟರ್ ಓಡಿಸಿ ಮನೆ ಸೇರಿದವರು. ಇನ್ನೊಬ್ಬಳು ಕೊಪ್ಪಳದ ಒಂದು ಸ್ಟುಡಿಯೊದಲ್ಲಿ ಹಗಲು ಮದುವೆ ವಿಡಿಯೊ ಎಡಿಟ್ ಮಾಡಿ, ರಾತ್ರಿ ಜನ ಉಪ್ಪಿ ಎಂದು ಕರೆಯುವ ನಟ-ನಿರ್ದೇಶಕ ಉಪೇಂದ್ರನ ಸಿನಿಮಾ ತುಣುಕುಗಳನ್ನು ಕತ್ತರಿಸಿ ಇನ್‌ಸ್ಟಾಗ್ರಾಂಗೆ ಹಾಕುವ ಹುಡುಗಿ. ಅವರು ಮೊಮ್ಮಗನ ಜವಳದ ವಿಡಿಯೊ ಒಯ್ಯಲು ಬಂದಾಗ ಅವಳ ಕಂಪ್ಯೂಟರಿನಲ್ಲಿ 'ಎ' ಚಿತ್ರದ ಒಂದು ದೃಶ್ಯ ತೆರೆದಿತ್ತು. ಪೆನ್‌ಡ್ರೈವ್ ಕೈಗೆ ಸಿಕ್ಕ ಮೇಲೂ ಅವರು ಎದ್ದು ಹೋಗಲಿಲ್ಲ.

ಆಪರೇಟರ್: ಇದು 'ಎ' ಅಲ್ಲೇನವ್ವಾ? ಯಾಕ ಇಷ್ಟು ಸಪೂರ ಮಾಡೀದಿ? ಆ ಕಡೆ ನಿಂತಾಕಿ ಎಲ್ಲಿ ಹೋದ್ಲು?

ಎಡಿಟರ್: ಫೋನಿನ್ಯಾಗ ನೋಡೋ ಮಂದಿಗೆ ಉದ್ದಕ ನಿಂದ್ರಸಬೇಕ್ರಿ ಕಾಕಾ. ಅಗಲ ಒಂಬತ್ತು, ಉದ್ದ ಹದಿನಾರು. ಟಾಕೀಸಿನ ಪರದೆ ಇದರಾಗ ಹಿಡಿಯಂಗಿಲ್ಲ. ಇಬ್ಬರು ಎದುರಾಬದುರಾ ನಿಂತ್ರ ಒಬ್ಬರನ್ನ ಬಿಡಬೇಕಾಗ್ತೈತಿ. ಮಾತಾಡೋರನ್ನ ಇಟ್ಕೊಂತೀನಿ.

ಆಪರೇಟರ್: ಅಂದ್ರ ಬೈಯಾಂವ ಉಳದ, ಬೈಸ್ಕೊಳ್ಳಾಕಿ ಹೋದ್ಲು.

ಎಡಿಟರ್: ಹಂಗ ಅಂತ ಅಲ್ರಿ. ಮಂದಿ ನೋಡೋದು ಉಪ್ಪಿ ಮುಖಾನ.

ಆಪರೇಟರ್: ಮುಖಾ ನೋಡ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಆ ಸಿನಿಮಾ ನಾ ಹೆಂಗ ಓಡಿಸೀನಿ ಅನ್ನೋದು ಕೇಳು. 1998. ನಮ್ಮ ಕೊಪ್ಪಳ ರಾಯಚೂರಿನಿಂದ ಬ್ಯಾರೆ ಜಿಲ್ಲಾ ಆಗಿ ಇನ್ನೂ ವರ್ಷ ತುಂಬಿದ್ದಿಲ್ಲ. ಬೆಂಗಳೂರಾಗ ಫೆಬ್ರವರಿಗೆ ಬಂದ ಸಿನಿಮಾ ನಮ್ಮ ಕಡೆ ಬರೋದು ಪ್ರಿಂಟು ಖಾಲಿ ಆದ ಮ್ಯಾಲೇ. ಡಬ್ಬಿ ಬಿಚ್ಚಿ ರೀಲು ಸುತ್ತಿ ಮೊದಲನೇ ಆಟ ಹಚ್ಚಿದ್ವಿ. ಅರ್ಧ ತಾಸು ಆಗಿಲ್ಲ, ನೆಲದ ಟಿಕೀಟಿನ ಮಂದಿ ಎದ್ದು ನಿಂತು ಒದರಾಕ ಹತ್ತಿದ್ರು. 'ಏ ಆಪರೇಟರ್, ರೀಲ್ ಅದಲಿಬದಲಿ ಹಾಕೀದಿ!' ಮ್ಯಾನೇಜರ್ ಮೆಟ್ಲ ಹತ್ತಿ ಕ್ಯಾಬಿನ್ನಿಗೇ ಓಡಿ ಬಂದ. ನಾನೂ ಹೆದರಿದ್ದೆ. ಡಬ್ಬಿ ಮ್ಯಾಲಿನ ನಂಬರ್ ಒಂದೊಂದಾಗಿ ನೋಡಿದೆ. ಎಲ್ಲಾ ಸರಿ ಇದ್ವು. ಕಥೀನ ಹಿಂದಮುಂದ ಇಟ್ಟಿದ್ದು ಡೈರೆಕ್ಟರು!

ಎಡಿಟರ್: ಪೋಸ್ಟರಿನ ಮ್ಯಾಲೆ ಬುದ್ಧಿವಂತರಿಗೆ ಮಾತ್ರ ಅಂತ ಬರದಿದ್ರಲ್ರಿ.

ಆಪರೇಟರ್: ಹೌದು. ಅದಕ್ಕ ಯಾರೂ ನಡುವ ಎದ್ದು ಹೋಗಲಿಲ್ಲ. ಎದ್ದು ಹೋದ್ರ ದಡ್ಡ ಅನಿಸ್ಕೊಂಡಂಗ. ಅಕ್ಕಿ ಮಿಲ್ಲಿನ ಹಮಾಲರು ಎರಡನೇ ಆಟ ಮುಗಿಸಿ ಚಾದಂಗಡಿ ಮುಂದ ನಿಂತು, ಮೊದಲು ಏನಾತು, ಆಮ್ಯಾಲೆ ಏನಾತು ಅಂತ ಕಡ್ಡಿ ಇಟ್ಟು ಲೆಕ್ಕ ಮಾಡ್ತಿದ್ರು. ಮರುದಿನ ಮತ್ತ ಟಿಕೀಟು ತಗೊಂಡು ಬರೋರು. ಕಾಲುವಿ ಕೆಳಗ ಕ್ಯಾಂಪ್ ಮಾಡ್ಕೊಂಡು ಕುಂತ ತೆಲುಗು ರೈತ ಮಂದೀನೂ ಬಂದ್ರು. ಆ ಮನಶ್ಯಾನ ಕಸುಬು ಇದ್ದದ್ದು ಯಾವುದನ್ನ ಮೊದಲು ತೋರಸಬೇಕು, ಯಾವುದನ್ನ ಮುಚ್ಚಿಡಬೇಕು ಅನ್ನೋದರಾಗ. ನೀ ಅದನ್ನ ಮುರದು ಒಂದು ನಿಮಿಷ ಮಾಡಿ ಹಾಕಿದ್ರ ಕಸುಬು ಎಲ್ಲಿ ಉಳೀತು?

ಎಡಿಟರ್: ನೀವು ಹೇಳೋದು ಖರೇ. ಆದ್ರ ನಾ ಉಪ್ಪಿನ್ನ ಕಂಡಿದ್ದು ಆ ಒಂದು ನಿಮಿಷದಾಗೇ ರೀ. 'ಎ' ಬಂದಾಗ ನಾ ಹುಟ್ಟಿದ್ದಿಲ್ಲ. ಕುಷ್ಟಗಿ ಹಾಸ್ಟೆಲಿನ್ಯಾಗ ಗೆಳತಿ ಫೋನಿಗೆ ಒಂದು ತುಣುಕು ಬಂತು. ಇವ ಯಾರು, ಹಿಂಗ್ಯಾಕ ಮಾತಾಡ್ತಾನ ಅಂತ ಹುಡುಕಿದೆ. ರಾತ್ರಿ ಹೊದಿಕಿ ಒಳಗ ಪೂರ್ತಿ ಸಿನಿಮಾ ನೋಡಿದೆ. ಆಮ್ಯಾಲೆ 'ಶ್!', 'ಓಂ', 'ಉಪೇಂದ್ರ', 'ಸೂಪರ್' ಒಂದಾದ ಮ್ಯಾಲೊಂದು. ಆ ತುಣುಕು ಬರದಿದ್ರ ನನಗ ಈ ಕೆಲಸಾನೂ ಬರತಿರಲಿಲ್ಲ. ಎಡಿಟಿಂಗ್ ಅಂದ್ರ ಬರೇ ಜೋಡಿಸೋದಲ್ಲ ಅಂತ ನನಗ ಕಲಿಸಿದ್ದು 'ಎ'.

ಆಪರೇಟರ್: ನೀ ಹುಡುಕಿದಿ. ಎಲ್ಲಾರೂ ಹುಡುಕ್ತಾರೇನು?

ಎಡಿಟರ್: ಎಲ್ಲಾರೂ ಇಲ್ಲ. ಆದ್ರ 2024ರ ಮೇ ತಿಂಗಳಾಗ 'ಎ' ಮತ್ತ ಥಿಯೇಟರಿಗೆ ಬಂತಲ್ರಿ, ಬಂದು ಕುಂತೋರು ನಿಮ್ಮ ಹಮಾಲರಲ್ಲ, ನನ್ನಂಥಾ ಹುಡುಗ್ರು. ಇಪ್ಪತ್ತಾರು ವರ್ಷದ ಹಳೇ ಸಿನಿಮಾಕ್ಕ ಸೀಟಿ ಹೊಡಿಯೋ ಹುಡುಗ್ರನ್ನ ಯಾರು ತಯಾರ್ ಮಾಡಿದ್ರು? ಟೀವಿ ಅಲ್ಲ, ಟಾಕೀಸೂ ಅಲ್ಲ. ಇನ್ನೊಂದು ಮಾತು. ಉಪ್ಪಿ ನಿರ್ದೇಶನ ಮಾಡಿದ್ದು ಭಾಳ ಕಡಿಮಿ. 1999ರಾಗ 'ಉಪೇಂದ್ರ', ಆಮ್ಯಾಲೆ ಹನ್ನೊಂದು ವರ್ಷ ಬಿಟ್ಟು 2010ಕ್ಕ 'ಸೂಪರ್', 2015ಕ್ಕ 'ಉಪ್ಪಿ 2', ಮತ್ತ ಒಂಬತ್ತು ವರ್ಷ ಬಿಟ್ಟು 2024ರ ಡಿಸೆಂಬರಿಗೆ 'ಯುಐ'. ಆ ನಡುವಿನ ವರ್ಷದಾಗ ಅಂವ ನಟ ಆಗಿ ಬ್ಯಾರೆಯವರ ಸಿನಿಮಾದಾಗ ಇದ್ದ. ಡೈರೆಕ್ಟರ್ ಉಪೇಂದ್ರನ್ನ ಮಂದಿ ಮನಸಿನ್ಯಾಗ ಕಾದಿಟ್ಟಿದ್ದು ಯಾರ್ರೀ?

ಆಪರೇಟರ್: ಅದಕ್ಕ ನನ್ನ ಕಡೆ ಉತ್ತರ ಐತಿ. 'ಓಂ' ಕಾದಿಟ್ಟಿತ್ತು.

ಇಲ್ಲಿ ಇದನ್ನು ಬರೆಯುತ್ತಿರುವ ನನ್ನದೂ ಒಂದು ಮಾತಿದೆ. 'ಓಂ' 1995ರ ಮೇ ತಿಂಗಳಲ್ಲಿ ಬಂದದ್ದು. ಶಿವರಾಜ್‌ಕುಮಾರ್ ನಾಯಕ, ಹಂಸಲೇಖ ಸಂಗೀತ. ಪುರೋಹಿತರ ಮಗ ರೌಡಿಯಾಗುವ ಆ ಕಥೆಗೆ ಉಪೇಂದ್ರ ನಿಜವಾದ ರೌಡಿಗಳನ್ನೇ ಕರೆತಂದು ಕ್ಯಾಮೆರಾ ಮುಂದೆ ನಿಲ್ಲಿಸಿದ್ದರು. ಇಪ್ಪತ್ತು ವರ್ಷ ಅದು ಟೀವಿಗೆ ಬರಲಿಲ್ಲ. ನೋಡಬೇಕೆಂದರೆ ಟಾಕೀಸಿಗೇ ಹೋಗಬೇಕಿತ್ತು. ಹೊಸ ಸಿನಿಮಾ ಕೈಕೊಟ್ಟ ವಾರ, ಪರೀಕ್ಷೆ ಮುಗಿದ ವಾರ, ಜಾತ್ರೆಯ ವಾರ ಊರೂರಿನ ಟಾಕೀಸುಗಳು ಅದನ್ನೇ ಹಾಕುತ್ತಿದ್ದವು. 500ಕ್ಕೂ ಹೆಚ್ಚು ಸಲ ಮರುಬಿಡುಗಡೆಯಾದ ಸಿನಿಮಾ ಎಂದು ಅದನ್ನು ಲೆಕ್ಕ ಹೇಳುತ್ತಾರೆ. ಒಂದು ಸಿನಿಮಾ ಹೀಗೆ ಮತ್ತೆ ಮತ್ತೆ ಜನರ ಎದುರಿಗೆ ಬರುವುದನ್ನು ಈಗ ಇಂಟರ್‌ನೆಟ್ಟಿನ ಗುಣ ಎನ್ನುತ್ತೇವೆ. ಆ ಕೆಲಸವನ್ನು ಹಳ್ಳಿ-ಪಟ್ಟಣದ ಟಾಕೀಸುಗಳು ಅಂದೇ ಮಾಡಿದ್ದವು; ಒಂದೇ ವ್ಯತ್ಯಾಸ, ಅವು ಪ್ರತಿ ಸಲವೂ ಸಿನಿಮಾವನ್ನು ಇಡಿಯಾಗಿ ತೋರಿಸಿದವು.

ಎಡಿಟರ್: ಸಿನಿಮಾ ಮುರೀಬಾರದು ಅಂತೀರಿ. ಕಾಕಾ, ಒಂದು ಮಾತು ಕೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ. ಟಾಕೀಸಿನ್ಯಾಗ ಹಾಡು ಕತ್ತರಿಸಿ ಹಾಕ್ತಿದ್ರಂತ ನಮ್ಮಪ್ಪ ಹೇಳ್ತಾನ.

ಆಪರೇಟರ್: ಸುಳ್ಳೇನಲ್ಲ. ಹಬ್ಬದಾಗ ಒಂದು ಆಟ ಜಾಸ್ತಿ ಹಾಕ್ಬೇಕಂದ್ರ ಮಾಲಕರು ಹಾಡು ತಗೀ ಅಂತಿದ್ರು. ಪ್ರಿಂಟು ಹಳೇದಾಗಿ ಅಂಚಿನ ತೂತು ಹರದ್ರೂ ಕತ್ತರಿಸಿ ಅಂಟಿಸಬೇಕಾಗ್ತಿತ್ತು. 'ಓಂ' ಪ್ರಿಂಟು ಯಲಬುರ್ಗಾಕ್ಕ ಬರೋದ್ರಾಗ ಗೀರು ಬಿದ್ದು ಪರದೆ ತುಂಬ ಮಳಿ ಸುರದಂಗ ಕಾಣ್ತಿತ್ತು. ಕತ್ತರಿಸಿದ ತುಂಡು ಕ್ಯಾಬಿನ್ ಕೆಳಗ ಬಿದ್ರ ಹುಡುಗ್ರು ಆರಿಸ್ಕೊಂಡು ಹೋಗಿ, ಭೂತಗನ್ನಡಿ ಹಿಡದು ಬಿಸಿಲಿಗೆ ಗ್ವಾಡಿ ಮ್ಯಾಲೆ ಬಿಡ್ತಿದ್ರು.

ಎಡಿಟರ್: ಮತ್ತ ನಾ ಏನ್ ಬ್ಯಾರೆ ಮಾಡಾಕತ್ತೀನ್ರಿ?

ಆಪರೇಟರ್: ಬ್ಯಾರೆ ಐತಿ. ನಾ ಹಾಡು ತಗದ್ರ ಹಾಡು ಹೋತು ಅಷ್ಟ. ಮಂದಿ 'ಹಾಡ್ ಎಲ್ಲೋ?' ಅಂತ ಕೂಗ್ತಿದ್ರು. ಅವ್ರಿಗೆ ಏನು ಕಳಕೊಂಡ್ವಿ ಅಂತ ಗೊತ್ತಿತ್ತು. ನೀ ಇಡೀ ಸಿನಿಮಾ ತಗದು ಒಂದು ಮಾತು ಉಳಿಸ್ತಿ, ನೋಡೋರಿಗೆ ಏನೂ ಕಳಕೊಂಡಂಗ ಅನಸಂಗಿಲ್ಲ. ಈಗ ಈ ದೃಶ್ಯಾನ ತಗೋ. ಅಂವ ಆಕೀಗೆ ಬೈತಾನ. ಪ್ರೀತಿ ಸುಳ್ಳು, ಹೆಣ್ಣು ಮೋಸ ಅಂತಾನ. ಕೆಳಗ ನೀ ಕರುಣಾಜನಕ ಸಂಗೀತ ಇಟ್ಟೀದಿ. ಹುಡುಗಿ ಕೈಕೊಟ್ಟ ಹುಡುಗ್ರು ಇದನ್ನ ಸ್ಟೇಟಸ್‌ಗೆ ಹಾಕ್ಕೊಂತಾರ. ಆದ್ರ ಆ ಸಿನಿಮಾದಾಗ ಕಡೀಕ್ ಬಂದಾಗ ಆಕಿ ಕಥಿ ಬ್ಯಾರೇನ ಐತಿ ಅಂತ ತಿಳೀತೈತಿ. ಬೈದಾಂವನ ಕಣ್ಣು ತೆರೀತಾವು. ಆ ರೀಲು ಬರೋ ತನಕ ಕುಂತ್ರೇ ಉಪ್ಪಿ ಏನು ಹೇಳ್ದ ಅಂತ ಗೊತ್ತಾಗೋದು. ನಡುವಿನ ಬೈಗಳ ಅಷ್ಟ ಕೊಟ್ರ, ಅಂವ ಹೇಳಿದ್ದಕ್ಕ ತದ್ವಿರುದ್ಧ ಹೇಳಿಸಿದಂಗ.

ಎಡಿಟರ್: ಇದರ ಬಗ್ಗೆ ನಾ ಭಾಳ ವಿಚಾರ ಮಾಡೀನ್ರಿ ಕಾಕಾ. ನಾ ಹೆಣಮಗಳು, ಆ ಬೈಗಳ ನನಗೂ ಬಡಿತಾವು. ಎರಡು ತಾಸು ಹೆಣ್ಣನ್ನ ಬೈದು, ಕಡೀ ಹತ್ತು ನಿಮಿಷ ಆಕಿ ಒಳ್ಳೇಕಿ ಅಂದ್ರ ಸರಿ ಹೋತೇನ್ರಿ? ನಿಮ್ಮ ಟಾಕೀಸಿನ್ಯಾಗ ಸೀಟಿ ಯಾವಾಗ ಬಿತ್ತು? ಬೈಯುವಾಗೋ, ಕಣ್ಣು ತೆರದಾಗೋ?

ಆಪರೇಟರ್ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಆಪರೇಟರ್: ಬೈಯುವಾಗ.

ಎಡಿಟರ್: ಮತ್ತ ಮನಿಗೆ ಹೋಗುವಾಗ ಏನು ಒಯ್ತಿದ್ರು? ಆ ಮಾತು. ಬಸ್‌ಸ್ಟ್ಯಾಂಡಿನ್ಯಾಗ ಡೈಲಾಗ್ ಕ್ಯಾಸೆಟ್ ಮಾರ್ತಿದ್ರಂತಲ್ಲ, ಟೆಂಪೊದಾಗ ಅದನ್ನ ಹಚ್ಚಿ ಹೊಲದ ಕೂಲಿಗೆ ಹೋಗೋರಂತ. ಮಂದಿ ಯಾವಾಗಿಂದಾನೂ ಸಿನಿಮಾನ ತುಂಡು ಮಾಡೇ ಮನಿಗೆ ಒಯ್ದಾರ. ನಿಮ್ಮ ಗಂಗಾವತಿ ಪ್ರಾಣೇಶ್ ಅವ್ರ ಹಾಸ್ಯಾನೂ ಕ್ಯಾಸೆಟ್ಟಿನಿಂದ ಮನಿಮನಿ ಮುಟ್ಟಿತು, ಈಗ ಒಂದೊಂದು ಜೋಕಾಗಿ ಯೂಟ್ಯೂಬಿನ್ಯಾಗ ಓಡಾಡ್ತೈತಿ. ಅದನ್ನ ಯಾರೂ ತಪ್ಪು ಅನ್ನಂಗಿಲ್ಲ.

ಆಪರೇಟರ್: ಜೋಕು ತುಂಡಾದ್ರ ಜೋಕೇ ಇರ್ತೈತಿ, ತಂಗಿ. ಉಪ್ಪಿ ಸಿನಿಮಾ ಹಂಗಲ್ಲ. ಆದ್ರ ಸೀಟಿ ಮಾತು ನೀ ಹೇಳಿದ್ದು ಸರಿ. ಅಂವ ಮಂದೀನ ಸಿಕ್ಕಿಸಿ ಹಾಕಾಕಂತನ ಆ ಬೈಗಳ ಇಟ್ಟಿದ್ದ, ನೀವು ಸೀಟಿ ಹೊಡದದ್ದು ಎಂಥಾ ಮಾತಿಗೆ ನೋಡ್ರಿ ಅಂತ ಕಡೀಕ್ ತೋರಸಾಕ. ಅರ್ಧ ಮಂದಿ ಅದನ್ನ ತಿಳಕೊಳ್ಳಲೇ ಇಲ್ಲ.

ಎಡಿಟರ್: ತಿಳಕೊಳ್ಳಲಿಲ್ಲ ಅಂದ್ರ ತಪ್ಪು ನೋಡಿದವ್ರದ್ದೋ, ಮಾಡಿದವ್ರದ್ದೋ?

ಆಪರೇಟರ್: ಮಾಡಿದಾಂವ ತನ್ನ ಕೆಲಸ ಮಾಡ್ಯಾನ. ಕಡೀ ತನಕ ಕುಂದ್ರೋದು ನೋಡೋರ ಪಾಲು.

ಎಡಿಟರ್: ಇದನ್ನ ನಾ ಒಪ್ಪಂಗಿಲ್ಲ. ಅಷ್ಟು ಜಾಣ ಡೈರೆಕ್ಟರಿಗೆ ಸೀಟಿ ಎಲ್ಲಿ ಬೀಳ್ತೈತಿ ಅಂತ ಗೊತ್ತಿಲ್ದ ಇರ್ತೈತೇನ್ರಿ? ಗೊತ್ತಿದ್ದೇ ಇಟ್ಟಾರ. ಅದಕ್ಕ ಈ ತುಣುಕಿನ ಜವಾಬ್ದಾರಿ ನನ್ನ ಒಬ್ಬಾಕಿ ತಲಿ ಮ್ಯಾಲೆ ಹಾಕಬ್ಯಾಡ್ರಿ.

ಆಪರೇಟರ್: ಆತು, ಹಂಚ್ಕೊಳ್ಳೋಣ. ಈಗ ನನಗ ಇನ್ನೊಂದು ಹೇಳು. ಮೊನ್ನೆ ಮೊಮ್ಮಗ 'ರಕ್ತ ಕಣ್ಣೀರು' ತುಣುಕು ತೋರಿಸಿ 'ಅಜ್ಜಾ, ಉಪ್ಪಿ ಡೈರೆಕ್ಷನ್ ನೋಡು' ಅಂದ. ಅದು 2003ರ ಸಿನಿಮಾ, ಡೈರೆಕ್ಟರ್ ಸಾಧು ಕೋಕಿಲ. ಹೇಳಿದ್ರ ನಂಬಲಿಲ್ಲ. ಆ ತುಣುಕಿನ ಕೆಳಗ ಸಾವಿರಗಟ್ಟಲೆ ಮಂದಿ 'ಡೈರೆಕ್ಟರ್ ಅಂದ್ರ ಇವ' ಅಂತ ಬರದಾರ. ಸಾಧು ಹೆಸರು ಎಲ್ಲೂ ಇಲ್ಲ. ಉಪ್ಪಿಗೆ ಕಸುಬು ಕಲಿಸಿದ ಕಾಶಿನಾಥ್ 2018ರಾಗ ತೀರ್ಕೊಂಡ್ರು, ಅವ್ರ ಹೆಸರಂತೂ ಯಾವ ತುಣುಕಿನ್ಯಾಗೂ ಕಾಣಂಗಿಲ್ಲ. ನಿಮ್ಮ ಇಂಟರ್‌ನೆಟ್ಟಿನ ಉಪ್ಪಿ ಒಬ್ಬ ಬ್ಯಾರೇನ ಮನಶ್ಯಾ. ನಟ, ಡೈರೆಕ್ಟರು, ಪಾತ್ರ, ರಾಜಕೀಯ ಎಲ್ಲಾ ಕಲಸಿ ಮಾಡಿದ ಮುದ್ದಿ.

ಎಡಿಟರ್: ಕಲಸಿದ್ದು ಅವ್ರೇ ಅಲ್ಲೇನ್ರಿ? ಸಿನಿಮಾಕ್ಕ ತಮ್ಮ ಹೆಸರನ್ನೇ ಇಟ್ರು, ಅದರಾಗಿನ ನಾಯಕಗ 'ನಾನು' ಅಂತ ಹೆಸರಿಟ್ರು. 'ಸೂಪರ್'ಗೆ ಅಕ್ಷರಾನೇ ಇಲ್ಲ, ಕೈಮುದ್ರಿ ಒಂದು. 'ಯುಐ'ಗೆ ನಾಮದ ಗುರುತು. ಫೋನಿನ್ಯಾಗ ನಾವು ಚಿತ್ರದಾಗೇ ಮಾತಾಡೋದು ಕಲಿಯೋಕಿಂತ ಮೊದಲು ಅಂವ ಹಂಗ ಮಾತಾಡಾಕ ಸುರು ಮಾಡಿದ್ದ. ಪರದೆ ಒಳಗ ನಿಂತು ನಮ್ಮ ಕಣ್ಣಾಗ ಕಣ್ಣಿಟ್ಟು ಕೇಳ್ತಾನ. ಅದಕ್ಕ ಅಂವ ಈ ಸಣ್ಣ ಪರದೆಗೆ ಇಷ್ಟು ಸಲೀಸಾಗಿ ಕುಂತ. ಕಲಾತ್ಮಕ ಸಿನಿಮಾದ ಡೈರೆಕ್ಟರ್ ಕಾಸರವಳ್ಳಿ ಅವ್ರ ಸಿನಿಮಾ ನಾ ಎಷ್ಟು ಸಲ ಪ್ರಯತ್ನ ಮಾಡೀನಿ, ಒಂದು ನಿಮಿಷಕ್ಕ ಕತ್ತರಿಸಾಕ ಬರಂಗಿಲ್ಲ. ಅವು ಬಿಟ್ಟುಕೊಡಂಗಿಲ್ಲ. ಉಪ್ಪಿ ಬಿಟ್ಟುಕೊಡ್ತಾನ.

ಆಪರೇಟರ್: ಇದು ನೀ ಹೊಗಳಿದ್ದೋ, ತೆಗಳಿದ್ದೋ?

ಎಡಿಟರ್: ಎರಡೂ ಅಲ್ರಿ. ಕೆಲಸ ಮಾಡೋರ ಕೈಗೆ ಗೊತ್ತಾಗೋ ಮಾತು.

ಆಪರೇಟರ್: ಒಳ್ಳೇ ಮಾತು. ಮತ್ತ ಈ 'ಉಪ್ಪಿ ಇಪ್ಪತ್ತು ವರ್ಷ ಮೊದಲೇ ಹೇಳಿದ್ದ' ಅನ್ನೋದು? ಏನರ ಆದ್ರೂ ಅವನ ತುಣುಕು ಹಾಕಿ ಭವಿಷ್ಯ ಹೇಳಿದ ಅಂತೀರಿ. ಅಂವ ಜೋತಿಷಿ ಅಲ್ಲ. ತನ್ನ ಕಾಲ ನೋಡಿ ಸಿಟ್ಟಾಗಿ ಸಿನಿಮಾ ಮಾಡಿದಾಂವ. ದೇವರು ಮಾಡಿ ಕುಂದ್ರಿಸಿದ ಮ್ಯಾಲೆ ಅವನ ಸಿನಿಮಾದಾಗ ಯಾವುದು ಚಲೋ, ಯಾವುದು ಕೆಟ್ಟಿತು ಅಂತ ಮಾತಾಡೋರು ಉಳಿಯಂಗಿಲ್ಲ. 'ಸೂಪರ್'ನ್ಯಾಗ 2030ರ ಕರ್ನಾಟಕ ತೋರಿಸಿದ. ಅದು ಬಂದೈತೇನು? ತುಂಗಭದ್ರಾ ಎಡದಂಡಿ ಕಾಲುವಿ ಕೆಳಗಿನ ಕಡೀ ಹೊಲಕ್ಕ ನೀರು ಮುಟ್ಟೋದು ಈಗೂ ತಂಟೆನೇ.

ಎಡಿಟರ್: ಅದು ಕನಸು ಕಾಕಾ, ಭವಿಷ್ಯ ಅಲ್ಲ. ದೇವರು ಮಾಡೋದು ನನಗೂ ಸೇರಂಗಿಲ್ಲ. ಆದ್ರ ಅದೇ ಇಂಟರ್‌ನೆಟ್ಟು ಅವ್ರನ್ನ ಹಿಡದು ನಿಲ್ಲಿಸಿ ಕೇಳಿದ್ದೂ ಐತಿ. 2023ರ ಆಗಸ್ಟಿನ್ಯಾಗ ತಮ್ಮ ಪಕ್ಷ ಪ್ರಜಾಕೀಯದ ಬಗ್ಗೆ ಫೇಸ್‌ಬುಕ್ ಲೈವ್ ಬಂದ್ರು. ಅದರಾಗ ಆಡಿದ ಒಂದು ಹಳೇ ಗಾದಿ ದಲಿತರ ಮನಸ್ಸು ನೋಯಿಸ್ತು. ಕೇಸ್ ಬಿತ್ತು. ವಿಡಿಯೊ ತಗದು ಕ್ಷಮೆ ಕೇಳಿದ್ರು. ಸಿನಿಮಾದಾಗ ಅದೇ ಮಾತಿದ್ರ ಪಾತ್ರದ ಮಾತು ಅಂತ ಹೋಗ್ಬಿಡ್ತಿತ್ತು.

ಆಪರೇಟರ್: ಅದು ಬೇಕಾಗಿತ್ತು. ಆ ಗಾದಿ ಕೇಳಿ ಬೆಳದ ಮಂದಿಗೆ ಅದು ಬರೇ ಮಾತಲ್ಲ. ಅದಕ್ಕ ಅಲ್ಲೇನು ನಾ ಹೇಳೋದು, ಸಿನಿಮಾದಾಗ ಅಂವ ಎಚ್ಚರದಾಗ ಇರ್ತಾನ. ಒಂದು ಮಾತಿಗೆ ಎದುರು ಮಾತು ಇಡ್ತಾನ, ಒಂದು ರೀಲಿಗೆ ಇನ್ನೊಂದು ರೀಲು. ಲೈವಿನ್ಯಾಗ ಎದುರು ಮಾತಿಲ್ಲ, ನಿನ್ನ ತುಣುಕಿನ್ಯಾಗೂ ಇಲ್ಲ. 'ಯುಐ' ಯಾಕ ಮಾಡಿದ ಹಂಗಾರ? ಮಂದಿ ಗಮನ ಚೂರುಚೂರು ಆಗೈತಿ ಅನ್ನೋದ ಅದರಾಗಿನ ತಕರಾರು. ಸುರುವಿಗೇ ಬುದ್ಧಿವಂತರಾಗಿದ್ರ ಎದ್ದು ಹೋಗ್ರಿ, ದಡ್ಡರು ಕುಂತು ನೋಡ್ರಿ ಅನ್ನೋ ಅರ್ಥದ ಬರಹ ಹಾಕ್ತಾನ. 1998ಕ್ಕ ಬುದ್ಧಿವಂತರನ್ನ ಕರದಾಂವ 2024ಕ್ಕ ಅವ್ರನ್ನ ಹೊರಗ ಕಳಿಸ್ತಾನ. ಈಗ ಎಲ್ಲಾರೂ ಬುದ್ಧಿವಂತರೇ, ಕುಂದ್ರೋರು ಬೇಕಾಗ್ಯಾರ.

ಎಡಿಟರ್: ಕುಂತಿದ್ವಿ ರೀ. ನಾ ಹೊಸಪೇಟಿಗೆ ಹೋಗಿ ನೋಡಿದೆ. ಅರ್ಧ ತಿಳೀಲಿಲ್ಲ. ಮನಿಗೆ ಬಂದು ಅರ್ಥ ಬಿಡಿಸೋ ವಿಡಿಯೊ ನೋಡಿದೆ. ಯಾರೋ ಬೆಂಗಳೂರಿನ ಹುಡುಗ, ಯಾರೋ ಬೆಳಗಾವಿ ಮಾಸ್ತರು, ಒಬ್ಬೊಬ್ಬರು ಒಂದೊಂದು ಅರ್ಥ ಹೇಳಿದ್ರು. ಆಮ್ಯಾಲೆ ಮತ್ತೊಮ್ಮೆ ಹೋಗಿ ನೋಡಿದೆ. ನಿಮ್ಮ ಹಮಾಲರು ಚಾದಂಗಡಿ ಮುಂದ ಮಾಡಿದ ಲೆಕ್ಕಾನ ನಾವು ಇಲ್ಲಿ ಮಾಡ್ತೀವಿ. ನಮ್ಮೂರಾಗ ಈಗ ಆ ಚಾದಂಗಡಿ ಎದುರಿಗೆ ಟಾಕೀಸೇ ಇಲ್ಲಲ್ರಿ, ನಾವು ಎಲ್ಲಿ ಹೋಗಬೇಕು?

ಆಪರೇಟರ್: ನಾ ಓಡಿಸಿದ ಒಂದು ಟಾಕೀಸು ಈಗ ಗೊಬ್ಬರದ ಗೋಡಾನು. ಅದರಾಗ ನಿನ್ನ ತಪ್ಪೇನೂ ಇಲ್ಲ. ಆದ್ರ ಅವರ ಲೆಕ್ಕ ಅವರೇ ಮಾಡಿದ್ರು. ನೀವು ಬಿಡಿಸಿಟ್ಟ ಅರ್ಥ ತಗೊಂತೀರಿ.

ಎಡಿಟರ್: ಅವರೊಳಗೂ ಜೋರು ಬಾಯಿ ಇದ್ದಾಂವ ಹೇಳಿದ್ದೇ ಅರ್ಥ ಆಗಿತ್ತೋ ಏನೋ. ನೀವು ಕ್ಯಾಬಿನ್ನಿನ್ಯಾಗ ಇದ್ರಿ, ಕೆಳಗಿನದು ಪೂರಾ ಕೇಳಿಲ್ಲ.

ಅವಳು ನಗುತ್ತ ಪರದೆಯ ಕಡೆ ತಿರುಗಿದಳು. ದೃಶ್ಯವನ್ನು ಮೊದಲಿನ ಅಗಲಕ್ಕೆ ತಂದಳು. 'ಎ' ಚಿತ್ರದ ನಾಯಕಿ ಚಾಂದಿನಿ ಮತ್ತೆ ಚೌಕಟ್ಟಿನೊಳಗೆ ಬಂದು ನಿಂತಳು. ಮೇಲೆ ಕೆಳಗೆ ಕಪ್ಪು ಪಟ್ಟಿ, ನಡುವೆ ಸಣ್ಣದಾಗಿ ಇಬ್ಬರೂ.

ಎಡಿಟರ್: ಹಿಂಗ ಹಾಕ್ಲೇನ್ರಿ? ಮುಖ ಇಷ್ಟ್ ಇಷ್ಟ ಕಾಣ್ತಾವು. ಮಂದಿ ನಿಂದ್ರಂಗಿಲ್ಲ.

ಆಪರೇಟರ್: ಇಬ್ರೂ ಇದ್ರಲ್ಲ. ಹಾಕು. ಇನ್ನೊಂದು ಮಾಡು. ಸಿನಿಮಾ ಹೆಸರು, ವರ್ಷ, ಡೈರೆಕ್ಟರ್ ಹೆಸರು ಬರೀ. 'ರಕ್ತ ಕಣ್ಣೀರು' ಹಾಕಿದಾಗ ಸಾಧು ಕೋಕಿಲ ಅಂತ ಬರೀ.

ಎಡಿಟರ್: ಕೆಳಗ ಜಗಳ ಸುರು ಆಗ್ತೈತ್ರಿ.

ಆಪರೇಟರ್: ಆಗ್ಲಿ. ಡೈರೆಕ್ಟರ್ ಯಾರು ಅಂತ ಮಂದಿ ಜಗಳಾಡಿದ್ರ ನನಗ ಖುಷಿ.

ಎಡಿಟರ್: ಬರೀತೀನಿ. ಆದ್ರ ಕಡೀಕ್ ಬರದ್ರ ಯಾರೂ ಅಲ್ಲೀ ತನಕ ನೋಡಂಗಿಲ್ಲ.

ಆಪರೇಟರ್: ಸುರುವಿಗೆ ಬರೀ.

ಎಡಿಟರ್: ಸುರುವಿನ ಮೂರು ಸೆಕೆಂಡಿನ್ಯಾಗ ಅಕ್ಷರ ಕಂಡ್ರ ಮಂದಿ ಬೆರಳಾಡಿಸಿ ಮುಂದ ಹೋಗ್ತಾರ ಕಾಕಾ. ಆಗ ಡೈರೆಕ್ಟರ್ ಹೆಸರೂ ಹೋತು, ಸಿನಿಮಾನೂ ಹೋತು.

ಆಪರೇಟರ್: ಹಂಗಾರ ನಡುವ ಬರೀ. ಅಂವ ಬೈಯೋದು ನಿಲ್ಲಿಸಿ ಉಸಿರು ತಗೊಂತಾನ ನೋಡು, ಅಲ್ಲಿ.

ಎಡಿಟರ್: ಆ ಉಸಿರಿನ ಜಾಗ ನಾ ಮೊದಲೇ ಕತ್ತರಿಸೀನ್ರಿ.

ಆಪರೇಟರ್: ತಿರುಗಿ ಹಚ್ಚು.

ಎಡಿಟರ್: ಹಚ್ಚಿದ್ರ ಒಂದು ನಿಮಿಷ ದಾಟ್ತೈತಿ.

ಆಪರೇಟರ್: ದಾಟ್ಲಿ ಬಿಡು.

ಎಡಿಟರ್: ನೀವು ಹೇಳ್ತೀರಿ. ನಾಳೆ ಎಷ್ಟು ಮಂದಿ ನೋಡ್ಯಾರ ಅಂತ ಲೆಕ್ಕ ನೋಡೋಳು ನಾನು. ಇವತ್ತು ಇದೊಂದು ನಿಮ್ಮ ಸಲುವಾಗಿ ಹಾಕ್ತೀನಿ, ಮುಂದಿನದು ನನ್ನ ಲೆಕ್ಕದಾಗ.